ಪಶುವೈದ್ಯರೂ ಮಾನವನ ರೋಗನಿರೋಧಕ ಶಕ್ತಿಯೂ

ಪಶುವೈದ್ಯರ ಮೇಜಿನ ಮೇಲೆ ನಿಲ್ಲುವುದು ನಾಯಿ ಅಥವಾ ಬೆಕ್ಕು. ಅದನ್ನು ಎತ್ತಿಕೊಂಡು ಬಂದವನು ಮಾತ್ರ ಮನುಷ್ಯ. ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಇವರಿಬ್ಬರೂ ಒಂದೇ ನೆಲದ ಮೇಲೆ ಮಲಗುವವರು. ಆದಕಾರಣ ಪ್ರಾಣಿಯ ಚಿಕಿತ್ಸೆಯನ್ನು ಬಲ್ಲವರು ಅದರ ಒಡೆಯನ ದೇಹಸ್ಥಿತಿಯನ್ನೂ ಕೆಲಮಟ್ಟಿಗೆ ಅರಿತಿರಬೇಕಾಗುತ್ತದೆ. ಒಡೆಯನ ರೋಗನಿರೋಧಕ ಶಕ್ತಿ ಕುಂದಿರುವಾಗಲಂತೂ ಈ ಅರಿವು ಅತ್ಯಗತ್ಯ.

ಎಚ್.ಐ.ವಿ. ಎಂಬ ವೈರಾಣು ರಕ್ತದಲ್ಲಿನ ಸಿಡಿ-4 ಎಂಬ ಬಿಳಿಯ ಕಣಗಳನ್ನು ನಾಶಮಾಡುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. ಅವು 200ಕ್ಕಿಂತ ಕೆಳಗಿಳಿದಾಗ, ಇತರರನ್ನು ಅಷ್ಟಾಗಿ ಬಾಧಿಸದ ರೋಗಾಣುಗಳೂ ಪ್ರಾಣಾಂತಿಕವಾಗಬಲ್ಲವು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಔಷಧಿ ಪಡೆಯುತ್ತಿರುವವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು ಇವರಲ್ಲಿಯೂ ನಿರೋಧಕ ಶಕ್ತಿ ಕುಗ್ಗಿರುತ್ತದೆ.

ಹಾಗಾದರೆ ಇಂಥವರು ಪ್ರಾಣಿಗಳನ್ನು ತೊರೆಯಬೇಕೆ? ಅಮೆರಿಕದಲ್ಲಿ 1981ರಲ್ಲಿ ಏಡ್ಸ್ ಬೆಳಕಿಗೆ ಬಂದ ಮೇಲೆ ಅನೇಕ ರೋಗಿಗಳಿಗೆ ದೊರೆತ ಸಲಹೆ ಅದೇ. ಬಂಧುಮಿತ್ರರು ದೂರವಾಗಿದ್ದ ಆ ದಿನಗಳಲ್ಲಿ ಉಳಿದಿದ್ದ ಒಬ್ಬ ಒಡನಾಡಿಯನ್ನೂ ಕಳೆದುಕೊಳ್ಳುವ ಸಂಕಟ ಅವರದಾಯಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ರೋಗಿಗಳಿಗೆ ಆಹಾರ ಹಂಚುತ್ತಿದ್ದ ಸ್ವಯಂಸೇವಕರು, ಕೆಲವರು ತಮ್ಮ ಪಾಲಿನ ಆಹಾರವನ್ನೇ ನಾಯಿ ಬೆಕ್ಕುಗಳಿಗೆ ಹಾಕುತ್ತಿದ್ದುದನ್ನು ಕಂಡರು. ಈ ಅನುಭವದಿಂದಲೇ 1987ರಲ್ಲಿ ‘ಪಾಸ್’ ಎಂಬ ಸಂಸ್ಥೆ ಹುಟ್ಟಿತು. ಪ್ರಾಣಿಗಳಿಗೆ ಆಹಾರ, ಚಿಕಿತ್ಸೆಗಳನ್ನು ಒದಗಿಸಿದ್ದಲ್ಲದೆ, ಅಪಾಯವಿಲ್ಲದಂತೆ ಅವುಗಳನ್ನು ಸಾಕುವ ಬಗೆಯನ್ನೂ ಅದು ತಿಳಿಯಹೇಳಿತು.

ಈ ಬಗೆಯನ್ನು ಬಲ್ಲವರು ಪಶುವೈದ್ಯರೇ. ನಿರೋಧಕ ಶಕ್ತಿ ಇಲ್ಲದವರ ಮಿದುಳನ್ನು ಬಾಧಿಸುವ ಟಾಕ್ಸೋಪ್ಲಾಸ್ಮ ಎಂಬ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಹೊರಬೀಳಬಹುದು. ಆದರೆ ಅದು ಸೋಂಕುವ ಸ್ಥಿತಿಗೆ ಬರಲು ಒಂದರಿಂದ ಐದು ದಿನಗಳು ಬೇಕು. ಮನೆಯ ಬೇರೊಬ್ಬರು ಮಲದ ತಟ್ಟೆಯನ್ನು ನಿತ್ಯವೂ ಶುಚಿಗೊಳಿಸಿದರೆ ಬೆಕ್ಕನ್ನು ಹೊರಗಟ್ಟುವ ಪ್ರಮೇಯವಿಲ್ಲ. ಸರಿಯಾಗಿ ಬೇಯದ ಮಾಂಸದಿಂದಲೂ ಇದೇ ಸೋಂಕು ತಗಲುತ್ತದೆಂಬುದನ್ನು ಮರೆಯಬಾರದು. ಭೇದಿಯಿಂದ ನರಳುವ ಮರಿಗಳನ್ನೂ, ಸಾಲ್ಮೊನೆಲ್ಲ ರೋಗಾಣುವನ್ನು ಹೊತ್ತಿರಬಹುದಾದ ಆಮೆಗಳನ್ನೂ ಇಂಥ ಮನೆಗೆ ತರದಿರುವುದು ಲೇಸು. ಚಿಗಟಗಳನ್ನು ನಿವಾರಿಸಿದರೆ ಬೆಕ್ಕಿನ ಪರಚಿನಿಂದ ಬರುವ ಬಾರ್ಟೊನೆಲ್ಲ ಸೋಂಕಿನ ಭಯವೂ ತಗ್ಗುತ್ತದೆ.

ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವುದೂ ವೈದ್ಯರ ಕರ್ತವ್ಯವೇ. ನಾಯಿ ಬೆಕ್ಕುಗಳಿಂದ ಎಚ್.ಐ.ವಿ. ಹರಡುವುದಿಲ್ಲ. ಬೆಕ್ಕುಗಳಿಗೆ ಎಫ್.ಐ.ವಿ. ಎಂಬ ಪ್ರತ್ಯೇಕ ವೈರಾಣು ಉಂಟು. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಪತ್ತೆಯಾದ ಅದು ಮನುಷ್ಯರಿಗೆ ಅಂಟುವುದಿಲ್ಲ.

ಅದೇ 1986ರಲ್ಲಿ ಭಾರತದಲ್ಲಿ ಮೊತ್ತಮೊದಲು ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ಪತ್ತೆಯಾಯಿತು. 2004ರಿಂದ ಸರ್ಕಾರ ಉಚಿತ ಔಷಧಿ ನೀಡುತ್ತಿದೆ. ಅದನ್ನು ಕ್ರಮವಾಗಿ ಸೇವಿಸುವವರಲ್ಲಿ ನಿರೋಧಕ ಶಕ್ತಿ ಬಹುಮಟ್ಟಿಗೆ ಮರಳುತ್ತದೆ. ಆದರೂ ಲೋಕಾಪವಾದದ ಅಂಜಿಕೆ ಇನ್ನೂ ಅಳಿದಿಲ್ಲ. ಬೆಕ್ಕಿಗೆ ಮದ್ದು ಕೇಳಲು ಬಂದವನು ತನ್ನ ರೋಗದ ವಿಷಯವನ್ನು ತಾನಾಗಿ ಬಾಯಿಬಿಡಲಾರ. ಅದನ್ನು ಕೆದಕಿ ಕೇಳುವುದೂ ಸಲ್ಲದು. “ಮನೆಯಲ್ಲಿ ನಿರೋಧಕ ಶಕ್ತಿ ಕಡಿಮೆಯಿರುವವರು ಯಾರಾದರೂ ಇದ್ದರೆ ಈ ಎಚ್ಚರಿಕೆಗಳು ಅಗತ್ಯ” ಎಂದು ಬಂದವರೆಲ್ಲರಿಗೂ ಹೇಳಿದರೆ ಸಾಕು. ನಂಬಿ ಹೇಳಿಕೊಂಡವರ ಗುಟ್ಟನ್ನು ಕಾಯುವುದು ಧರ್ಮ ಮಾತ್ರವಲ್ಲ, 2017ರ ಕಾಯಿದೆಯ ಆಶಯವೂ ಹೌದು.

ಮೂಕಪ್ರಾಣಿಯ ನೋವನ್ನು ಅರಿಯಬಲ್ಲ ವೈದ್ಯರಿಗೆ, ಮೌನವಾಗಿರುವ ಮನುಷ್ಯನ ನೋವನ್ನು ಅರಿಯುವುದು ಕಷ್ಟವಾಗಲಾರದು.