ಕಡಲಿಲ್ಲದ ನಾಡಿನ ಹಡಗಿನ ಇಂಜಿನ್

ಶಿವನಸಮುದ್ರದಲ್ಲಿ ಸಮುದ್ರವಿಲ್ಲ. ಇರುವುದು ಎರಡಾಗಿ ಸೀಳಿದ ಕಾವೇರಿ, ನಡುವೆ ಒಂದು ನಡುಗಡ್ಡೆ, ಆಚೀಚೆ ಗಗನಚುಕ್ಕಿ, ಭರಚುಕ್ಕಿ. ಕನಕಪುರ ರಸ್ತೆ ಹಿಡಿದು ಬರುವ ಬೆಂಗಳೂರಿನ ಕಾರುಗಳು ಭಾನುವಾರ ಹಲಗೂರಿನಲ್ಲಿ ಟೀ ಕುಡಿದು ಮಳವಳ್ಳಿ ದಾಟಿ ಹೋಗುವುದು ಆ ನೀರು ನೋಡುವುದಕ್ಕೆ. ಸುತ್ತಲಿನ ಹಳಬರ ಬಾಯಲ್ಲಿ ಮಾತ್ರ ಆ ಜಾಗ ಈಗಲೂ ‘ಬ್ಲಫ್’. ಬ್ಲಫ್ ಎಂದರೆ ಜಲಪಾತವಲ್ಲ, ಪವರ್ ಹೌಸು.

ಆ ಪವರ್ ಹೌಸಿನ ಮೊದಲ ಟರ್ಬೈನುಗಳು ಬಂದದ್ದು ಸ್ವಿಟ್ಜರ್‌ಲೆಂಡಿನಿಂದ. ಜ್ಯೂರಿಕ್ ನಗರದ ಎಶರ್ ವಿಸ್ ಕಾರ್ಖಾನೆ ಅವನ್ನು ಮಾಡಿಕೊಟ್ಟಿತು. ಅದೇ ಕಾರ್ಖಾನೆ ಹಡಗುಗಳನ್ನೂ ಕಟ್ಟುತ್ತಿತ್ತು. ಮುಂದೆ ಅದು ಸೇರಿಹೋದದ್ದು ಸುಲ್ಝರ್ ಎಂಬ ಇನ್ನೊಂದು ಮನೆತನದ ಕಂಪನಿಗೆ. ಹಡಗಿನ ಡೀಸೆಲ್ ಇಂಜಿನ್ ಎಂದೊಡನೆ ಜಗತ್ತಿನ ನಾವಿಕರಿಗೆ ನೆನಪಾಗುವ ಎರಡು ಮೂರು ಹೆಸರುಗಳಲ್ಲಿ ಒಂದು ಅದು. ಸ್ವಿಟ್ಜರ್‌ಲೆಂಡಿಗೂ ಸಮುದ್ರವಿಲ್ಲ. ತನ್ನದೇ ಬಾವುಟದ ಹಡಗುಗಳನ್ನು ಆ ದೇಶ ಕಡಲಿಗೆ ಬಿಟ್ಟದ್ದೇ 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ದವಸಧಾನ್ಯ ತರಿಸಿಕೊಳ್ಳಲು ಬೇರೆ ದಾರಿ ಕಾಣದೆ. ಆ ಹೊತ್ತಿಗೆ ಅದರ ಇಂಜಿನುಗಳು ಕಡಲಿಗಿಳಿದು ಮೂವತ್ತು ವರ್ಷ ಕಳೆದಿತ್ತು.

ಎಶರ್ ವಿಸ್ ಶುರುವಾದದ್ದು ಯಂತ್ರಕ್ಕಾಗಿ ಅಲ್ಲ, ಹತ್ತಿಗಾಗಿ. 1805ರಲ್ಲಿ ಹಾನ್ಸ್ ಕಾಸ್ಪರ್ ಎಶರ್ ಮತ್ತು ಸಾಲೊಮನ್ ಫಾನ್ ವಿಸ್ ಸೇರಿ ಜ್ಯೂರಿಕ್‌ನ ಲಿಮ್ಮಾಟ್ ನದಿಯ ದಡದಲ್ಲಿ ನೂಲಿನ ಗಿರಣಿ ತೆಗೆದರು. ಗಿರಣಿ ಅಂದ ಮೇಲೆ ಯಂತ್ರ ಕೆಡುತ್ತದೆ. ರಿಪೇರಿ ಮಾಡುತ್ತ ಮಾಡುತ್ತ ಯಂತ್ರ ಮಾಡುವುದನ್ನೇ ಕಲಿತರು. ಗಿರಣಿ ನಡೆಯಲು ನೀರಿನ ಚಕ್ರ ಬೇಕು, ಅದನ್ನೂ ಕಲಿತರು. 1830ರ ದಶಕದಲ್ಲಿ ಜ್ಯೂರಿಕ್ ಸರೋವರಕ್ಕೆ ಉಗಿದೋಣಿ ಬಂದಾಗ, ಬೇರೆ ಕಡೆಯಿಂದ ತರಿಸುವ ಬದಲು ನಾವೇ ಕಟ್ಟಬಾರದೇಕೆ ಎಂದುಕೊಂಡು ಹಡಗಿನ ಕೆಲಸಕ್ಕೂ ಇಳಿದರು. ಹೀಗೆ ಒಂದೇ ಮಾಡಿನ ಕೆಳಗೆ ನೀರಿನಿಂದ ತಿರುಗುವ ಚಕ್ರವೂ ನೀರಿನ ಮೇಲೆ ತೇಲುವ ಹಡಗೂ ತಯಾರಾಗತೊಡಗಿದವು.

ಅಲ್ಲಿಂದ ಮಳವಳ್ಳಿ ತಾಲ್ಲೂಕಿಗೆ ದಾರಿ ತೆರೆದದ್ದು ಕೋಲಾರದ ಚಿನ್ನ. ಗಣಿಗಳು ಆಳವಾದಷ್ಟೂ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲಿನ ಖರ್ಚು ಏರುತ್ತಿತ್ತು. ಕಾವೇರಿಯ ಬೀಳಿನಿಂದ ಕರೆಂಟು ತೆಗೆದು ಅಷ್ಟು ದೂರ ಕಳಿಸಬಹುದು ಎಂದು ಯೋಜನೆ ಹಾಕಿದವರು ಮೈಸೂರು ಸರ್ಕಾರದಲ್ಲಿ ಉಪ ಮುಖ್ಯ ಎಂಜಿನಿಯರ್ ಆಗಿದ್ದ, ಕೆನಡಾ ಮೂಲದ ಜೋಲಿ ಡಿ ಲಾಟ್‌ಬಿನಿಯರ್. ಅವರ ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಲಾಟ್‌ಬಿನಿಯರ್ ಯುರೋಪು, ಅಮೆರಿಕ ಸುತ್ತಿಬಂದ ಮೇಲೆ ಕೆಲಸ ಇಬ್ಬರಿಗೆ ಹಂಚಿಕೆಯಾಯಿತು: ವಿದ್ಯುತ್ತಿನ ಭಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ, ನೀರಿನ ಚಕ್ರದ ಭಾಗ ಎಶರ್ ವಿಸ್‌ಗೆ. ಗಣಿಯವರು 4,000 ಅಶ್ವಶಕ್ತಿ ಕೊಳ್ಳುತ್ತೇವೆಂದು ಒಪ್ಪಂದ ಬರೆದುಕೊಟ್ಟರು.

ಯಂತ್ರಗಳ ಭಾಗಗಳು ಹಡಗಿನಲ್ಲಿ ಬಂದವು, ರೈಲಿನಲ್ಲಿ ಬಂದವು. ರೈಲು ಮುಗಿದ ಮೇಲೆ ಆನೆ, ಎತ್ತು, ಕುದುರೆಗಳು ಎಳೆದ ಗಾಡಿಗಳಲ್ಲಿ ಬಂದವು. ಟನ್ನುಗಟ್ಟಲೆ ತೂಗುವ ಸ್ವಿಸ್ ಎರಕ ಮಂಡ್ಯ ಸೀಮೆಯ ಮಣ್ಣಿನ ದಾರಿಯಲ್ಲಿ ಉರುಳಿಬಂದದ್ದನ್ನು ನೋಡಿದ ಜನರಿಗೆ ಕಬ್ಬಿಣವೇನೂ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ, ಉಕ್ಕು ಮಾಡುತ್ತಿದ್ದ ತಾಲ್ಲೂಕುಗಳ ಪಟ್ಟಿಯಲ್ಲಿ ಬೆಂಜಮಿನ್ ರೈಸರ ಗೆಜೆಟಿಯರು ಮಳವಳ್ಳಿಯನ್ನೂ ಎಣಿಸುತ್ತದೆ. ತಿದಿಯೂದಿ, ಇದ್ದಿಲು ಸುಟ್ಟು, ನೇಗಿಲ ಗುಳಕ್ಕೂ ಕುಡುಗೋಲಿಗೂ ಆಗುವಷ್ಟು ಕಬ್ಬಿಣ ತೆಗೆಯುತ್ತಿದ್ದ ಸೀಮೆಗೆ, ಅದೇ ಕಬ್ಬಿಣ ಬೇರೆಯದೇ ಆಕಾರದಲ್ಲಿ ಬಂದಿಳಿಯಿತು.

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು 92 ಮೈಲಿ ದೂರದ ಕೋಲಾರ ಗಣಿಗೆ ಹರಿಯಿತು. ಮೊದಲಿಗೆ ಇದ್ದದ್ದು ತಲಾ 720 ಕಿಲೋವ್ಯಾಟಿನ ಆರು ಯಂತ್ರ. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಈ ಲೈನು ಆ ಕಾಲಕ್ಕೆ ಪ್ರಪಂಚದಲ್ಲೇ ಉದ್ದವಾದದ್ದು ಎಂದು ಭಾಷಣಗಳಲ್ಲಿ ಕೇಳುವುದುಂಟು. ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್‌ನಿಂದ ಓಕ್ಲೆಂಡಿಗೆ 1901ರಲ್ಲೇ 142 ಮೈಲಿ ಎಳೆದಿದ್ದರು. ಭಾರತದ ಮೊದಲ ಜಲವಿದ್ಯುತ್ತೂ ನಮ್ಮದಲ್ಲ, 1897ರ ಡಾರ್ಜಿಲಿಂಗಿನದು. ಅದರಿಂದ ಬ್ಲಫ್ಫಿನ ಘನತೆಗೇನೂ ಕುಂದಿಲ್ಲ. ಡಾರ್ಜಿಲಿಂಗಿನದು ಊರದೀಪಕ್ಕೆ ಸಾಕಾಗುವ ಸಣ್ಣ ಕೇಂದ್ರ. ದೊಡ್ಡ ಉದ್ದಿಮೆಯೊಂದನ್ನು ದೂರದಿಂದ ನಡೆಸಿ ತೋರಿಸಿದ್ದು ಶಿವನಸಮುದ್ರ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಇಲ್ಲಿಂದಲೇ. ಬೇಸಿಗೆಯಲ್ಲಿ ಚಕ್ರಕ್ಕೆ ನೀರು ಸಾಲದೆ ಬಂದಾಗ ಹುಟ್ಟಿದ ಯೋಚನೆಯೂ ಸೇರಿ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು.

ಇನ್ನು ಸುಲ್ಝರ್‌ನ ಕತೆ. ಜ್ಯೂರಿಕ್‌ನಿಂದ ವಿಂಟರ್‌ಟೂರ್ ಎಂಬ ಊರಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು. 1834ರಲ್ಲಿ ಯೋಹಾನ್ ಯಾಕೋಬ್ ಮತ್ತು ಸಾಲೊಮನ್ ಎಂಬ ಅಣ್ಣತಮ್ಮಂದಿರು ಅಲ್ಲೊಂದು ಎರಕದ ಶಾಲೆ ತೆರೆದರು. ‘ಸುಲ್ಝರ್ ಸಹೋದರರು’ ಎಂಬುದೇ ಕಂಪನಿಯ ಹೆಸರು. ಉಗಿಯಂತ್ರಗಳಲ್ಲಿ ಹೆಸರು ಮಾಡಿದರು. ಇಂಗ್ಲೆಂಡಿನಿಂದ ಕರೆಸಿಕೊಂಡ ಚಾರ್ಲ್ಸ್ ಬ್ರೌನ್ ರೂಪಿಸಿದ ವಾಲ್ವ್ ಯಂತ್ರ 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿತು. ಈ ಬ್ರೌನ್‌ರ ಮಗನೇ 1891ರಲ್ಲಿ ಜರ್ಮನಿಯ ಲಾಫನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರು ಕರೆಂಟು ಕಳಿಸಿದ ಪ್ರಯೋಗದಲ್ಲಿ ಮುಂದೆ ನಿಂತವರು. ಆ ಪ್ರಯೋಗ ಗೆಲ್ಲದಿದ್ದರೆ ಕೋಲಾರದ ಮಾತನ್ನು ಯಾರು ನಂಬುತ್ತಿದ್ದರು?

1879ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಯೊಬ್ಬನಿಗೆ ಟೈಫಾಯಿಡ್ ಆಗಿ ಅಂತಿಮ ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆ ಬರುವ ತನಕ ಸುಮ್ಮನಿರುವುದು ಬೇಡವೆಂದು ಆತ ವಿಂಟರ್‌ಟೂರಿಗೆ ಬಂದು ಸುಲ್ಝರ್ ಶಾಪಿನಲ್ಲಿ ಕೆಲಸ ಕಲಿತ. ಹೆಸರು ರುಡಾಲ್ಫ್ ಡೀಸೆಲ್. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾದ ಹೆಂಚಿಗಿಂತ ಬಿಸಿಯಾಗುತ್ತದೆ, ಆಗ ಅದಕ್ಕೆ ಎಣ್ಣೆ ಚಿಮ್ಮಿಸಿದರೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಈ ತತ್ವಕ್ಕೆ ಡೀಸೆಲ್ 1892ರಲ್ಲಿ ಪೇಟೆಂಟ್ ಕೇಳಿದಾಗ ಮಾತು ನಂಬಿ ಮುಂದೆ ಬಂದವರಲ್ಲಿ ಸುಲ್ಝರ್ ಒಬ್ಬರು. ಮರುವರ್ಷವೇ ಒಪ್ಪಂದ ಮಾಡಿಕೊಂಡರು. 1897ರಲ್ಲಿ ಔಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಡೀಸೆಲ್‌ನ ಯಂತ್ರ ಪರೀಕ್ಷೆ ಗೆದ್ದಿತು. ಸುಟ್ಟ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ಸಿಕ್ಕಿತ್ತು. ಉಗಿಯಂತ್ರಗಳು ಅದರ ಅರ್ಧ ತಲುಪಲೂ ಏದುಸಿರು ಬಿಡುತ್ತಿದ್ದ ಕಾಲ ಅದು. 1898ರ ಜೂನಿನಲ್ಲಿ ಸುಲ್ಝರ್‌ನ ಮೊದಲ ಡೀಸೆಲ್ ಇಂಜಿನ್ ಚಾಲೂ ಆಯಿತು.

ಮಂಡ್ಯ ಸೀಮೆಯವರಿಗೆ ಈ ಇಂಜಿನನ್ನು ಬೇರೆ ವಿವರಿಸಬೇಕಿಲ್ಲ. ಆಲೆಮನೆಯ ಗಾಣ ತಿರುಗಿಸುತ್ತಿದ್ದದ್ದು, ಕರೆಂಟಿಲ್ಲದ ಹೊಲದಲ್ಲಿ ನೀರೆತ್ತುತ್ತಿದ್ದದ್ದು ಅದರ ಮರಿಮಕ್ಕಳೇ. ಹ್ಯಾಂಡಲ್ ಹಾಕಿ ಗರಗರ ತಿರುಗಿಸಿ, ವೇಗ ಬಂದೊಡನೆ ಲಿವರ್ ಬಿಟ್ಟರೆ ಒಂದು ಕೆಮ್ಮು, ಕರಿಹೊಗೆ, ಆಮೇಲೆ ಊರಾಚೆಗೂ ಕೇಳುವ ಟುಕುಟುಕು. ಆಲೆಮನೆಯ ಇಂಜಿನ್ ಒಂದೇ ದಿಕ್ಕಿಗೆ ತಿರುಗಿದರೆ ಸಾಕು, ಕಬ್ಬು ಅರೆಯುತ್ತದೆ. ಹಡಗಿಗೆ ಅದು ಸಾಲದು. ದಕ್ಕೆಗೆ ಬರುವಾಗ ಹಿಂದಕ್ಕೂ ಹೋಗಬೇಕು, ನಿಂತ ಜಾಗದಲ್ಲೇ ತಿರುಗಬೇಕು.

ಮೊದಮೊದಲ ಡೀಸೆಲ್ಲುಗಳಿಗೆ ಇದೇ ಬರುತ್ತಿರಲಿಲ್ಲ. ಜಿನೀವಾ ಸರೋವರದ ‘ವೆನೋಜ್’ ಎಂಬ ಸರಕು ದೋಣಿಗೆ ಸುಲ್ಝರ್ ಇಂಜಿನ್ ಕೂರಿಸಿದಾಗ, ಹಿಂದಕ್ಕೆ ಚಲಿಸುವುದಕ್ಕಾಗಿ ಬೇರೆಯದೇ ಎಲೆಕ್ಟ್ರಿಕ್ ಏರ್ಪಾಡು ಜೋಡಿಸಬೇಕಾಗಿತ್ತು. ಆ ಪೇಚಾಟದಿಂದಲೇ ಉತ್ತರ ಹೊರಟಿತು. ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನೇ ಅದಲು ಬದಲು ಮಾಡಿ, ಒತ್ತಿ ತುಂಬಿಟ್ಟ ಗಾಳಿಯಿಂದ ಇಂಜಿನನ್ನು ಉಲ್ಟಾ ದಿಕ್ಕಿಗೆ ಶುರುಮಾಡಿದರೆ? ಗೇರೂ ಬೇಡ, ಮೋಟಾರೂ ಬೇಡ. 1905ರಲ್ಲಿ ಸುಲ್ಝರ್ ಅಂಥದೊಂದು ಟೂ ಸ್ಟ್ರೋಕ್ ಇಂಜಿನ್ ಮಾಡಿ, ಮರುವರ್ಷ ಮಿಲಾನ್ ಪ್ರದರ್ಶನದಲ್ಲಿ ಇಟ್ಟಿತು. ಸಾಗರದ ದೊಡ್ಡ ಹಡಗುಗಳ ಇಂಜಿನುಗಳು ಇಂದಿಗೂ ನಿಂತು, ಉಲ್ಟಾ ಶುರುವಾಗಿಯೇ ಹಡಗನ್ನು ಹಿಂದಕ್ಕೆ ತಳ್ಳುತ್ತವೆ.

1912 ಹಡಗಿನ ಡೀಸೆಲ್ಲಿಗೆ ಮುಹೂರ್ತದ ವರ್ಷ. ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಬರ್ಮೈಸ್ಟರ್ ಅಂಡ್ ವೈನ್ ಕಂಪನಿಯ ‘ಸೆಲಾಂಡಿಯ’ ಕೋಪನ್‌ಹೇಗನ್‌ನಿಂದ ಬ್ಯಾಂಕಾಕಿಗೆ ಹೊರಟಿತು. ಅದೇ ವರ್ಷ ಹ್ಯಾಂಬರ್ಗಿನ ‘ಮೊಂಟೆ ಪೆನೆಡೊ’ ತಲಾ 850 ಅಶ್ವಶಕ್ತಿಯ ಎರಡು ಸುಲ್ಝರ್ ಇಂಜಿನುಗಳೊಂದಿಗೆ ಅಟ್ಲಾಂಟಿಕ್‌ಗೆ ಇಳಿಯಿತು. ಡೇನರದ್ದು ಫೋರ್ ಸ್ಟ್ರೋಕ್, ಸ್ವಿಸ್ಸರದ್ದು ಟೂ ಸ್ಟ್ರೋಕ್. ದೊಡ್ಡ ಹಡಗುಗಳ ಮಟ್ಟಿಗೆ ಕೊನೆಗೆ ಗೆದ್ದದ್ದು ಟೂ ಸ್ಟ್ರೋಕ್. ಡೇನರೂ ಅದಕ್ಕೇ ಬಂದರು. ರುಡಾಲ್ಫ್ ಡೀಸೆಲ್ ಇದರ ಫಲ ಹೆಚ್ಚು ಕಾಲ ನೋಡಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಹೊರಟಿದ್ದ ‘ಡ್ರೆಸ್ಡನ್’ ಹಡಗಿನಿಂದ ಆತ ಕಾಣೆಯಾದ. ವಿಪರ್ಯಾಸವೆಂದರೆ ಅದು ಉಗಿಹಡಗು.

1924ರಲ್ಲಿ ಪೆಸಿಫಿಕ್ ದಾಟುವ ಪ್ರಯಾಣಿಕರ ಹಡಗು ‘ಅವೊರಂಗಿ’ಗೆ ನಾಲ್ಕು ಸುಲ್ಝರ್ ಇಂಜಿನುಗಳು ಕೂತವು. ಆಮೇಲೆ ತೈಲದ ಹಡಗು, ಅದಿರಿನ ಹಡಗು, ಕಂಟೇನರ್ ಹಡಗು. ಇಂಜಿನ್ ಬೆಳೆದ ಹಾಗೆ ಅದನ್ನು ಗುಡ್ಡಗಾಡಿನ ಊರಲ್ಲಿ ಮಾಡಿ ಬಂದರಿಗೆ ಸಾಗಿಸುವುದು ಕಷ್ಟವಾಗುತ್ತ ಹೋಯಿತು. ಹಾಗಾಗಿ ವಿಂಟರ್‌ಟೂರಿನವರು ನಕ್ಷೆ ಬರೆದು ಲೈಸೆನ್ಸ್ ಕೊಡುವುದು, ಜಪಾನ್, ಕೊರಿಯಾದ ಕಾರ್ಖಾನೆಗಳು ಎರಕ ಹೊಯ್ಯುವುದು ರೂಢಿಯಾಯಿತು.

ಈ ವಂಶದ ದೊಡ್ಡ ಕುಳ 2006ರಲ್ಲಿ ‘ಎಮ್ಮಾ ಮೆರ್ಸ್ಕ್’ ಎಂಬ ಕಂಟೇನರ್ ಹಡಗಿನೊಳಗೆ ಕೂತಿತು. ಹದಿನಾಲ್ಕು ಸಿಲಿಂಡರು. ಒಂದೊಂದರ ಬಾಯಿ 96 ಸೆಂಟಿಮೀಟರ್, ಅಂದರೆ ಆಳೊಬ್ಬ ಸಲೀಸಾಗಿ ಇಳಿಯುವಷ್ಟು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಎರಡೂವರೆ ಮೀಟರ್. ತೂಕ 2,300 ಟನ್. ಇಷ್ಟಾದರೂ ತಿರುಗುವುದು ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು. ಆಲೆಮನೆಯ ಇಂಜಿನ್ನಿಗಿಂತ ಎಷ್ಟೋ ನಿಧಾನ. ಸಿಗುವ ಶಕ್ತಿ 80,080 ಕಿಲೋವ್ಯಾಟ್.

ಬ್ಲಫ್ಫಿನ ಲೆಕ್ಕಕ್ಕೆ ಇದನ್ನು ತಾಳೆ ಹಾಕಿ ನೋಡಬಹುದು. 1902ರ ಆರು ಯಂತ್ರಗಳು ಸೇರಿ 4,320 ಕಿಲೋವ್ಯಾಟ್. ಆಮೇಲೆ ಬೆಳೆದ ಶಿವನಸಮುದ್ರ ಕೇಂದ್ರದ ಸಾಮರ್ಥ್ಯ 42,000. 1940ರಲ್ಲಿ ಸೇರಿಕೊಂಡ ಶಿಂಷಾದ್ದು 17,200. ಎರಡೂ ಪವರ್ ಹೌಸು ಕೂಡಿದರೂ ಒಂದು ಹಡಗಿನ ಒಂದು ಇಂಜಿನ್ನಿಗೆ ಸಮನಾಗುವುದಿಲ್ಲ. ಹಡಗಿನದು ಎಣ್ಣೆ ಕುಡಿದು ಹೊಗೆಯುಗುಳುತ್ತದೆ, ಕಾವೇರಿಯ ಚಕ್ರ ಕುಡಿದ ನೀರನ್ನು ಹಾಗೆಯೇ ಹೊಳೆಗೆ ಬಿಡುತ್ತದೆ ಎಂಬುದನ್ನೂ ಲೆಕ್ಕದ ಪಕ್ಕದಲ್ಲಿ ಬರೆದಿಡಬೇಕು.

ಎರಡು ಮನೆಗಳ ನಂಟು ಗಟ್ಟಿಯಾದದ್ದು 1969ರಲ್ಲಿ. ಎಶರ್ ವಿಸ್ ಸುಲ್ಝರ್‌ನ ಕೈ ಸೇರಿತು. ಅಲ್ಲಿಂದ ಮುಂದಿನದು ಪಾಲು ಪಾರೀಕತ್ತಿನ ಕತೆ. 1990ರಲ್ಲಿ ಹಡಗಿನ ಇಂಜಿನ್ ವಿಭಾಗ ಬೇರೆಯಾಯಿತು, 1997ರಲ್ಲಿ ಫಿನ್ಲೆಂಡಿನ ವಾರ್ಟ್ಸಿಲಾದೊಂದಿಗೆ ಬೆರೆಯಿತು, 2015ರಲ್ಲಿ ಚೀನಾದ ಹಡಗು ನಿರ್ಮಾಣ ನಿಗಮದ ಪಾಲುದಾರಿಕೆಯಲ್ಲಿ ‘ವಿಂಟರ್‌ಟೂರ್ ಗ್ಯಾಸ್ ಅಂಡ್ ಡೀಸೆಲ್’ ಎಂಬ ಹೆಸರು ಪಡೆಯಿತು. ಟರ್ಬೈನ್ ವಿಭಾಗ 1999ರಲ್ಲಿ ಆಸ್ಟ್ರಿಯದ ಕಂಪನಿಯೊಂದಕ್ಕೆ ಹೋಗಿ, 2006ರಿಂದ ಆಂಡ್ರಿಟ್ಜ್ ಎನಿಸಿಕೊಂಡಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಭಾರಿ ಹಡಗುಗಳ ಹೊಟ್ಟೆಯಲ್ಲಿರುವುದು ಬಹುಪಾಲು ಎರಡೇ ವಂಶದ ಇಂಜಿನುಗಳು: ಡೇನರ ಕಂಪನಿಯನ್ನು ಕೊಂಡ ಜರ್ಮನಿಯ ಮಾನ್ ವಂಶದ್ದು, ಇಲ್ಲವೇ ವಿಂಟರ್‌ಟೂರಿನದು.

ಜ್ಯೂರಿಕ್‌ನಲ್ಲಿ ಎಶರ್ ವಿಸ್ ಹಡಗು ಕಟ್ಟುತ್ತಿದ್ದ ಶೆಡ್ಡು 2000ದಿಂದ ರಂಗಮಂದಿರವಾಗಿದೆ. ಹೆಸರು ಮಾತ್ರ ಬದಲಾಗಿಲ್ಲ. ‘ಹಡಗು ಕಟ್ಟುವಿಕೆ’ ಎಂಬರ್ಥದ ‘ಶಿಫ್‌ಬೌ’ ಎಂದೇ ಟಿಕೆಟ್ಟಿನ ಮೇಲೆ ಅಚ್ಚಾಗುತ್ತದೆ. ವಿಂಟರ್‌ಟೂರಿನ ಸುಲ್ಝರ್ ಶೆಡ್ಡೊಂದರಲ್ಲಿ ವಾಸ್ತುಶಿಲ್ಪದ ಮಕ್ಕಳು ಓದುತ್ತಾರೆ. ಮಳವಳ್ಳಿ ತಾಲ್ಲೂಕಿನ ಪವರ್ ಹೌಸಿಗೆ ಅಂಥ ಎರಡನೇ ಜನ್ಮ ಇನ್ನೂ ಬೇಕಾಗಿಲ್ಲ, ಅದು ಮೊದಲನೆಯದರಲ್ಲೇ ದುಡಿಯುತ್ತಿದೆ. ಗಗನಚುಕ್ಕಿಯ ನೋಟಕ್ಕೆ ಬಂದು ನಿಲ್ಲುವ ಭಾನುವಾರದ ಜನಕ್ಕೆ ಇದನ್ನು ಹೇಳುವ ಒಂದು ಕನ್ನಡದ ಫಲಕವನ್ನು ವಿದ್ಯುತ್ ನಿಗಮದವರು ಅಲ್ಲಿ ನಿಲ್ಲಿಸಲಿ. ಶೇಷಾದ್ರಿ ಅಯ್ಯರ್ ಹೆಸರು ಮೇಲಿರಲಿ, ಎಶರ್ ವಿಸ್ ಹೆಸರು ಕೆಳಗಿರಲಿ, ಗಾಡಿ ಎಳೆದ ಆನೆ ಎತ್ತುಗಳಿಗೂ ಒಂದು ಸಾಲು ಇರಲಿ.