ಮನೆಯಲ್ಲೇ ಮಾಡಿದ ವಿಮಾನ, ವಯಸ್ಸಾದ ಎಂಜಿನ್

"ಅಪ್ಪ, ಶನಿವಾರ ನನ್ನ ಜೊತೆ ಬರ್ತೀರಾ? ಒಂದು ವಿಮಾನ ನೋಡಬೇಕು" ಎಂದ ಮಗ.

ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಅಮೆರಿಕದ ಡೇಟನ್ ಊರಿನಲ್ಲಿ ಅವನ ಮನೆಯಲ್ಲಿದ್ದೆವು. ವಿಮಾನ ನೋಡುವುದು ಅಂದರೆ ಕೊಳ್ಳುವುದಕ್ಕೆ! ಅದೂ ಕಾರ್ಖಾನೆಯಲ್ಲಿ ತಯಾರಾದದ್ದಲ್ಲ, ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಕಾರ್ ಶೆಡ್ಡಿನಲ್ಲಿ ಮಾಡಿದ್ದು. ನನ್ನಾಕೆ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಮನೇಲಿ ಮಾಡಿದ ಹಪ್ಪಳ ಗೊತ್ತು, ಸಂಡಿಗೆ ಗೊತ್ತು. ವಿಮಾನವನ್ನೂ ಮನೇಲಿ ಮಾಡ್ತಾರೇನೋ?"

ಮಾಡುತ್ತಾರೆ, ಮಕ್ಕಳೇ. ಡೇಟನ್ ಊರಿನಲ್ಲೇ ರೈಟ್ ಸಹೋದರರ ಸೈಕಲ್ ಅಂಗಡಿ ಇದ್ದದ್ದು. 1903ರಲ್ಲಿ ಹಾರಿದ ಅವರ ವಿಮಾನದ 12 ಅಶ್ವಶಕ್ತಿಯ ಎಂಜಿನ್ನನ್ನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅಲ್ಲೇ ಮಾಡಿದ. ಹಾಗೆ ನೋಡಿದರೆ ಮೊದಲ ವಿಮಾನವೇ ಮನೆಯಲ್ಲಿ ಮಾಡಿದ್ದು! ಈಗ ಬಿಡಿಭಾಗಗಳ ಪೆಟ್ಟಿಗೆಗಳು ಸಿಗುತ್ತವೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ಕಾನೂನು. ನಾವು ನೋಡಲು ಹೊರಟದ್ದು ಆರ್‌ವಿ-6. ಅಕ್ಕಪಕ್ಕ ಎರಡೇ ಸೀಟು, ಗಂಟೆಗೆ ಸುಮಾರು 280 ಕಿ.ಮೀ. ವೇಗ. ಮೇಷ್ಟ್ರು ಅದಕ್ಕೆ ಒಂಬತ್ತು ವರ್ಷ ಸವೆಸಿದ್ದರು.

ನನ್ನನ್ನೇ ಯಾಕೆ ಕರೆದ ಎಂದರೆ, ನಾನು ಜಕ್ಕೂರಿನಲ್ಲಿ ವಿಮಾನ ಮೆಕ್ಯಾನಿಕ್ ಆಗಿದ್ದವನು. ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಎಂಬ ಪುಟ್ಟ ವಿಮಾನಗಳ ಎಂಜಿನ್ ಎಣ್ಣೆ ಕೈಗೆ ಮೆತ್ತಿಕೊಂಡೇ ಸಂಸಾರ ಸಾಗಿಸಿದವನು.

ಹ್ಯಾಂಗರ್ ಬಾಗಿಲು ತೆರೆದಾಗ ಮೊಮ್ಮಗಳು ಪುಟ್ಟಿ ಕುಣಿದಾಡಿಬಿಟ್ಟಳು. ಬಿಳಿಗೆ ಕೆಂಪು ಪಟ್ಟಿ, ಒಂದು ರಿವೆಟ್ ಕೂಡ ಸೊಟ್ಟಗಿಲ್ಲ. ಬಾಗಿಲ ಬಳಿ ದಪ್ಪಕ್ಷರದಲ್ಲಿ 'ಎಕ್ಸ್‌ಪೆರಿಮೆಂಟಲ್' ಎಂದಿತ್ತು. "ತಾತ, ನಮ್ಮ ಮೇಲೇ ಪ್ರಯೋಗ ಮಾಡ್ತಾರಾ?" ಎಂದಳು. ಇಂಥ ವಿಮಾನಗಳೆಲ್ಲಕ್ಕೂ ಹಾಗೆ ಬರೆಯಲೇಬೇಕು ಎಂದು ಹೇಳಿದೆ. ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಕೊಂಡಿತು.

ಎಂಜಿನ್ ಲೈಕಮಿಂಗ್ ಕಂಪನಿಯ ಒ-320, ನಾಲ್ಕು ಸಿಲಿಂಡರಿನದು. ಓಡಿದ್ದು 1850 ಗಂಟೆ. 2000 ಗಂಟೆಗೆ, ಇಲ್ಲವೇ ಹನ್ನೆರಡು ವರ್ಷಕ್ಕೆ ಪೂರ್ತಿ ಬಿಚ್ಚಿ ಹೊಸದು ಮಾಡಿಸಿ ಎಂದು ಕಂಪನಿ ಹೇಳುತ್ತದೆ. ಸ್ವಂತಕ್ಕೆ ಹಾರಿಸುವವರಿಗೆ ಅದು ಸಲಹೆ, ಕಟ್ಟಳೆಯಲ್ಲ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಓಡುತ್ತದೆ. ಆ ಕೆಲಸಕ್ಕೆ 25 ಸಾವಿರ ಡಾಲರಿಗೆ ಕಮ್ಮಿಯಿಲ್ಲ ಎಂದ ಮಗ. ಅದಕ್ಕೇ ಬೆಲೆ ಅಗ್ಗವಾಗಿ ಕಂಡದ್ದು!

ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಬಾಯಿಗೂಡಿದ ಎತ್ತಾದರೂ ಚಿಂತೆಯಿಲ್ಲ, ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದ ಎತ್ತು ಬೇಡ ಎನ್ನುತ್ತಿದ್ದರು. ಮೇಷ್ಟ್ರ ಲಾಗ್ ಪುಸ್ತಕ ತಿರುವಿ ಹಾಕುವಾಗ ಅದೇ ನೆನಪಾಯಿತು. ಹಿಂದಿನ ಪುಟಗಳಲ್ಲಿ ವಾರಕ್ಕೆರಡು ಹಾರಾಟ. ಕಡೆಯ ಎರಡು ವರ್ಷಗಳಲ್ಲಿ ಒಟ್ಟು ಆರೇ ಗಂಟೆ. ಕಣ್ಣು ಮಂಜಾಯಿತು ಎಂದರು ಅವರು, ಮೆಲ್ಲಗೆ.

ಪರೀಕ್ಷೆಗೆ ಸ್ಥಳೀಯ ಮೆಕ್ಯಾನಿಕ್ ಒಬ್ಬನನ್ನು ಕರೆಸಿದ್ದೆವು. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಎಷ್ಟು ನಿಲ್ಲುತ್ತದೆ ನೋಡಿದ. 76, 74, 77, 75. ಚಿನ್ನದಂಥ ಲೆಕ್ಕ! ಸೋರುವ ಗಾಳಿ ಎಲ್ಲಿಂದ ಬರುತ್ತದೆ ಎಂದು ಕಿವಿಗೊಟ್ಟು ಕೇಳುವುದನ್ನು ಪುಟ್ಟಿಗೆ ಕಲಿಸಿದೆ. ಹೊಗೆಕೊಳವೆಯಲ್ಲಿ 'ಸುಯ್' ಎಂದರೆ ಎಗ್ಸಾಸ್ಟ್ ವಾಲ್ವ್ ದೋಷ, ಎಣ್ಣೆ ಹುಯ್ಯುವ ಬಾಯಲ್ಲಿ ಸದ್ದಾದರೆ ಪಿಸ್ಟನ್ ರಿಂಗು ಸವೆದಿದೆ. ಆಮೇಲೆ ಸಿಲಿಂಡರಿನೊಳಗೆ ಪುಟ್ಟ ಕ್ಯಾಮೆರಾ ಇಳಿಸಿದೆವು. ವಾಲ್ವಿನ ಬಣ್ಣ ಚೆನ್ನಾಗಿ ಬೆಂದ ದೋಸೆಯ ಹಾಗೆ ಸುತ್ತಲೂ ಸಮನಾಗಿರಬೇಕು. ಒಂದೇ ಅಂಚು ಸೀದಿದ್ದರೆ ಅಪಾಯ. ಇಲ್ಲಿ ನಾಲ್ಕೂ ಸಮನಾಗಿದ್ದವು.

ಕಡೆಗೆ ಉಳಿದದ್ದು ಎಣ್ಣೆಯ ಫಿಲ್ಟರ್. ಅದರ ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದೆ. ಅಲ್ಲಲ್ಲಿ ಮಿಣಮಿಣ. ಅಯಸ್ಕಾಂತ ತಂದೆ. ಚೂರುಗಳು ಜಿಗಿದು ಅಂಟಿಕೊಂಡವು. ಅಂಟಿದ್ದರಿಂದ ಅಲ್ಯೂಮಿನಿಯಂ ಅಲ್ಲ, ಉಕ್ಕು.

"ಬಹಳ ಇಲ್ಲ. ಇನ್ನಷ್ಟು ಗಂಟೆ ಹಾರಿಸಿ ಮತ್ತೆ ನೋಡಬಹುದು" ಎಂದ ಮೆಕ್ಯಾನಿಕ್. ಅವನ ಮಾತು ಪೂರ್ತಿ ತಪ್ಪಲ್ಲ, ಕೆಲವೊಮ್ಮೆ ಹಾಗೂ ಮಾಡುತ್ತಾರೆ. ಆದರೆ ಆ ಇನ್ನಷ್ಟು ಗಂಟೆ ಹಾರಿಸುವವನು ನನ್ನ ಮಗ. ಪಕ್ಕದ ಸೀಟಿಗೆ ಪುಟ್ಟಿ ಆಗಲೇ ಹೆಸರು ಹಾಕಿಕೊಂಡಿದ್ದಳು.

"ಒಂದು ಸಿಲಿಂಡರ್ ಬಿಚ್ಚಿ ಕ್ಯಾಮ್‌ಶಾಫ್ಟ್ ನೋಡದೆ ದುಡ್ಡು ಕೊಡಬೇಡ" ಎಂದೆ.

ಮನೆಗೆ ಬರುವಾಗ ಕಾರಿನಲ್ಲಿ ಮಾತಿಲ್ಲ. ಅರ್ಧ ದಾರಿಯಲ್ಲಿ ಮಗ, "ನಿಮ್ಮ ಜಕ್ಕೂರಿನ ಕಾಲ ಬೇರೆ ಅಪ್ಪ. ಎಲ್ಲದಕ್ಕೂ ಹೆದರಿದರೆ ಹಾರೋದು ಯಾವಾಗ?" ಎಂದ. ನನಗೂ ಚುರುಕ್ಕೆಂದಿತು. ಮೂರು ವರ್ಷ ಕೂಡಿಟ್ಟ ದುಡ್ಡು ಅವನದು. ನಾನು ಸುಮ್ಮನೆ ಕಿಟಕಿಯಾಚೆ ನೋಡಿದೆ.

ನಾಲ್ಕು ದಿನ ಬಿಟ್ಟು ಮೇಷ್ಟ್ರೇ ಫೋನ್ ಮಾಡಿದರು. ತಮ್ಮ ಖರ್ಚಿನಲ್ಲೇ ಸಿಲಿಂಡರ್ ಬಿಚ್ಚಿಸಿದ್ದರು! ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಕ್ಯಾಮ್‌ಶಾಫ್ಟಿನ ಮೈಮೇಲೆ ಸಿಡುಬಿನ ಕಲೆಯಂಥ ಗುಳಿಗಳು. ಈ ಜಾತಿಯ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ. ಸುಮ್ಮನೆ ನಿಲ್ಲಿಸಿದರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ.

"ನಿಲ್ಲಿಸಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಶುರು ಮಾಡಿ ಹತ್ತು ನಿಮಿಷ ಓಡಿಸುತ್ತಿದ್ದೆ" ಎಂದರು ಅವರು.

ಅದನ್ನು ಹೇಗೆ ಹೇಳುವುದು? ನೆಲದ ಮೇಲೆ ಹತ್ತು ನಿಮಿಷ ಓಡಿದರೆ ಎಣ್ಣೆ ಸರಿಯಾಗಿ ಕಾಯುವುದಿಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ನೀರಿನ ಪಸೆ ಆವಿಯಾಗಿ ಹೋಗದೆ ಒಳಗೇ ಉಳಿಯುತ್ತದೆ. ಅವರು ಅಕ್ಕರೆಯಿಂದ ಮಾಡಿದ್ದೇ ಎಂಜಿನ್ನಿಗೆ ಮುಳುವಾಗಿತ್ತು. ನಾನು ಹೇಳಲಿಲ್ಲ. ಆದರೆ ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಬಹಳ ಹೊತ್ತು ರೆಕ್ಕೆಯ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ, ಎಂಜಿನ್ ಮಾಡಿಸುವ ಖರ್ಚನ್ನು ಪೂರ್ತಿ ಬೆಲೆಯಲ್ಲಿ ಕಳೆದುಕೊಳ್ಳಿ ಎಂದರು. ಚೌಕಾಸಿ ನಡೆಯಲೇ ಇಲ್ಲ. ಮಗ ಅಷ್ಟನ್ನೂ ಕಳೆಯಲು ಒಪ್ಪದೆ ಮುಕ್ಕಾಲು ಕಳೆದ. ಅದು ಅವನ ಲೆಕ್ಕ, ನಾನು ಬಾಯಿ ಹಾಕಲಿಲ್ಲ.

ನಾವು ಬೆಂಗಳೂರಿಗೆ ಮರಳಿದ ಮೇಲೆ ಎಂಜಿನ್ ಹೊಸದಾಗಿ ಬಂತು. ಮೊದಲ ಹಾರಾಟಕ್ಕೆ ಮಗ ಒಬ್ಬನೇ ಹೋದನಂತೆ. ಎರಡು ತಿಂಗಳ ನಂತರ ಪಕ್ಕದ ಸೀಟಿನಲ್ಲಿ ಮೊದಲು ಕೂತವರು ಮೇಷ್ಟ್ರು, ಆಮೇಲೆ ಪುಟ್ಟಿ. ಗುಳಿಬಿದ್ದ ಹಳೆಯ ಟ್ಯಾಪೆಟ್ ಒಂದನ್ನು ಅವಳು ಶಾಲೆಗೆ ಒಯ್ದು ತೋರಿಸಿದಳಂತೆ.

ಬರುವ ಬೇಸಿಗೆಗೆ ನಮಗೂ ಟಿಕೆಟ್ ಆಗಿದೆ. ನಾನು ಹಾರುವವನೇ. ನನ್ನಾಕೆ ಮಾತ್ರ, "ನಾನು ಕೆಳಗೆ ನಿಂತು ಕೈ ಬೀಸ್ತೀನಿ, ಅಷ್ಟು ಸಾಕು" ಅನ್ನುತ್ತಿದ್ದಾಳೆ.