ಮರಳಿ ಬರುವ ಗ್ರಹಣ

2025ರ ಸೆಪ್ಟೆಂಬರ್ 7ರ ರಾತ್ರಿ 11 ಗಂಟೆಗೆ ಔರಾದ ತಾಲ್ಲೂಕಿನ ಸಂತಪುರದ ಮೇಲಿದ್ದ ಹುಣ್ಣಿಮೆ ಚಂದ್ರ ಪೂರ್ತಿಯಾಗಿ ಭೂಮಿಯ ನೆರಳು ಹೊಕ್ಕ. 82 ನಿಮಿಷ ಅಲ್ಲಿಯೇ ಇದ್ದ. ಆ ಊರಿನ ಹಿರಿಯರ ಪಾಲಿಗೆ ಇದು ಹಳೆಯ ನೆಂಟ. 1971ರ ಆಗಸ್ಟ್ 6ರ ಸರಿರಾತ್ರಿಯಲ್ಲಿ ಅವರ ಊರಿನ ಮೇಲೆ ಹಾದುಹೋದ ಗ್ರಹಣವೇ 54 ವರ್ಷಗಳ ಬಳಿಕ ಮರಳಿ ಬಂದಿತ್ತು! ಅದು ಹೇಗೆ ಎನ್ನುವಿರಾ?

ಚಂದ್ರನ ಪಥ ಭೂಮಿಯ ಪಥಕ್ಕೆ ಸುಮಾರು 5 ಡಿಗ್ರಿ ವಾಲಿದೆ. ಆದ್ದರಿಂದ ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲೋ ಕೆಳಗೋ ಜಾರಿಹೋಗುತ್ತಾನೆ. ಎರಡು ಪಥಗಳು ಕೂಡುವ ಬಿಂದುಗಳ ಬಳಿ ಹುಣ್ಣಿಮೆಯಾದರೆ ಮಾತ್ರ ಚಂದ್ರಗ್ರಹಣ. ಪಂಚಾಂಗದ ರಾಹು ಕೇತುಗಳೆಂದರೆ ಈ ಬಿಂದುಗಳೇ. ಗ್ರಹಣ ಬರೀ ನೆರಳಿನಾಟವೆಂದು ಆರ್ಯಭಟ ಕ್ರಿ.ಶ. 499ರಲ್ಲೇ ಹೇಳಿದ್ದ.

ಒಂದು ಹುಣ್ಣಿಮೆಯಿಂದ ಎಣಿಸಿದರೆ 223ನೆಯ ಹುಣ್ಣಿಮೆಗೆ 6585 ದಿನ, 8 ಗಂಟೆ ಆಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಚಂದ್ರ ಅದೇ ಬಿಂದುವಿಗೆ 242 ಸಲ ಬಂದಿರುತ್ತಾನೆ. ಹೀಗೆ 18 ವರ್ಷ, 11 ದಿನಗಳಿಗೊಮ್ಮೆ ಹಳೆಯ ಗ್ರಹಣ ಮರುಕಳಿಸುತ್ತದೆ. ಪ್ರಾಚೀನ ಬ್ಯಾಬಿಲೋನಿನವರಿಗೂ ತಿಳಿದಿದ್ದ ಇದಕ್ಕೆ ಸಾರೋಸ್ ಚಕ್ರ ಎಂದು ಹೆಸರು.

ಮಿಕ್ಕ 8 ಗಂಟೆಯಲ್ಲಿ ಭೂಮಿ ಮೂರನೆಯ ಒಂದು ಸುತ್ತು ತಿರುಗಿಬಿಡುತ್ತದೆ. ಹಾಗಾಗಿ 1989ರಲ್ಲಿ ಈ ಗ್ರಹಣ ಅಮೆರಿಕದವರಿಗೆ ಕಂಡಿತು. 2007ರಲ್ಲಿ ಪೆಸಿಫಿಕ್ ಸಾಗರದ ಮೇಲಿತ್ತು. ಆಗ ನಮಗೆ ಹಗಲು. ಮೂರು ಚಕ್ರ ತುಂಬಿದಾಗ ಮತ್ತೆ ನಮ್ಮ ಸರದಿ. ಮುಂದಿನ ಸರದಿ 2079ರ ಅಕ್ಟೋಬರ್ 10ಕ್ಕೆ. ಇಂದಿನ ಶಾಲೆಯ ಮಕ್ಕಳು ಅಂದು ಅಜ್ಜ ಅಜ್ಜಿಯರಾಗಿ ಅದನ್ನು ನೋಡಬಹುದು.

ಇಷ್ಟು ಲೆಕ್ಕಕ್ಕೆ ಸಿಗುವ ನೆರಳಿಗೆ ನಾವೇಕೆ ಅಂಜಬೇಕು? ಗ್ರಹಣವೆಂದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಬಸುರಿ ಹೆಣ್ಣುಮಗಳನ್ನು ಒಳಗೆ ಕೂಡಿಸಿ, ಗಂಟೆಗಟ್ಟಲೆ ಅನ್ನ ನೀರು ಕೊಡದೆ ಇಡುವುದುಂಟು. ನೆರಳಿನಿಂದ ಹೊಟ್ಟೆಯ ಕೂಸಿಗೆ ಏನೂ ಆಗದು. ತಾಯಿ ಹಸಿದು ನೀರಡಿಸಿದರೆ ತೊಂದರೆಯಾದೀತು.

ಇಂಥ ಹಲವು ಸರಣಿಗಳು ಒಟ್ಟಿಗೇ ನಡೆದಿರುವುದರಿಂದ ನೀವು 2079ರವರೆಗೆ ಕಾಯಬೇಕಾಗಿಲ್ಲ. 2028ರ ಡಿಸೆಂಬರ್ 31ರ ರಾತ್ರಿ 10 ಗಂಟೆಯ ವೇಳೆಗೆ ಚಂದ್ರ ಮತ್ತೆ ಪೂರ್ತಿ ಕೆಂಪಾಗುತ್ತಾನೆ. ಭೂಮಿಯ ಗಾಳಿಯಲ್ಲಿ ಬಾಗಿ ಅವನನ್ನು ಮುಟ್ಟುವ ಬೆಳಕಿನ ಬಣ್ಣವದು. ಬರಿಗಣ್ಣಿನಿಂದ ನೋಡಿದರೂ ಅಪಾಯವಿಲ್ಲ. ತೊಗರಿ ರಾಶಿಯ ದಿನಗಳು, ಚಳಿ ಇರುತ್ತದೆ. ಕಂಬಳಿ ಹೊದ್ದು ಅಂಗಳಕ್ಕೆ ಬನ್ನಿ. ಮನೆಯ ಬಸುರಿಗೂ ಊಟ ಬಡಿಸಿ, ಜೊತೆಗೆ ಕರೆತನ್ನಿ.